ಶನಿಯಾರ ಕಟ್ಟಿದ ಏಳು ಕಮಾನು

ಉತ್ತರ ಕನ್ನಡ ಜಿಲ್ಲೆಯ ರಸ್ತೆ-ಸೇತುವೆಗಳ ಇತಿಹಾಸದಲ್ಲಿ ದಪ್ಪಕ್ಷರಗಳಲ್ಲಿ ದಾಖಲಾಗಬೇಕಾಗಿದ್ದ ಒಂದು ಸಂಗತಿ ಈವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ. 1959ರ ಮಳೆಗಾಲದಲ್ಲಿ, ಶರಾವತಿಯ ತೆಂಕಣ ದಡದ ಕಾಸರಕೋಡಿನಲ್ಲಿ, ಹೊಳೆಯ ನಡುವೆ ಮುರಿದು ನಿಂತಿದ್ದ ಕಲ್ಲಿನ ಸೇತುವೆಯೊಂದಕ್ಕೆ ಏಳು ಹೊಸ ಕಮಾನುಗಳನ್ನು ಕೂಡಿಸಿ, ಹದಿನಾರು ದಿನಗಳಲ್ಲಿ ಆಚೆ ದಡ ಮುಟ್ಟಿಸಲಾಯಿತು. ಟೆಂಡರು ಕರೆಯಲಿಲ್ಲ. ಮಂತ್ರಿಗಳು ಬಂದು ಕತ್ತರಿ ಹಿಡಿಯಲಿಲ್ಲ. ಇಂಜಿನಿಯರು, ಮೇಸ್ತ್ರಿ, ಕೂಲಿಯಾಳು ಮೂರೂ ಒಬ್ಬನೇ. ಸಾಮಗ್ರಿ ಎಂದರೆ ಬೂದು ಬಣ್ಣದ ಪುಡಿ ಒಂದು ಸೇರು, ಅಂಟಿಗೆ ಸರೇಸು ಅರ್ಧ ಸೇರು, ತೆಂಗಿನ ನಾರಿನ ಕುಂಚ ಎರಡು. ಸೇತುವೆಯ ಒಟ್ಟು ಉದ್ದ ಒಂಬತ್ತು ಅಡಿ.

ಸೇತುವೆ ಇರುವುದು ಬಟ್ಟೆಯ ಮೇಲೆ. ಅದು ನಾಟಕದ ಪರದೆ. ಕಟ್ಟಿದವನು ಆ ಪರದೆಯನ್ನು ಮೂವತ್ತು ವರ್ಷಗಳಿಂದ ಎಳೆಯುತ್ತಿರುವ ಶನಿಯಾರ ಅಂಬಿಗ.

ಬೆಳಗಿನ ಐದೂವರೆ. ಕರ್ಕಿಯ ಶಾಲೆಯ ಬಯಲಿನಲ್ಲಿ ಹೊನ್ನಾವರದ ಕಲಾವಿಲಾಸ ನಾಟಕ ಸಂಘದ ಆಟ ಮುಗಿದು ಒಂದು ತಾಸಾಗಿದೆ. ದುರ್ಯೋಧನ ಶಾಲೆಯ ಜಗಲಿಯಲ್ಲಿ ಅಂಗಿ ಕಳಚಿ ಗೊರಕೆ ಹೊಡೆಯುತ್ತಿದ್ದಾನೆ. ದ್ರೌಪದಿ ಬಾವಿಕಟ್ಟೆಯಲ್ಲಿ ಕೂತು ಗಡ್ಡ ಕೆರೆದುಕೊಳ್ಳುತ್ತಿದ್ದಾನೆ. ಎಚ್ಚರವಿರುವವನು ಶನಿಯಾರ ಒಬ್ಬ. ಬರಿಗಾಲಲ್ಲಿ ಪರದೆ ಕಟ್ಟಿದ ಬಿದಿರಿನ ಅಡ್ಡ ಗಳುವನ್ನು ಏರಿ ಕೂತಿದ್ದಾನೆ. ಬಾಯಲ್ಲಿ ಹಗ್ಗದ ತುದಿ, ಕೈಯಲ್ಲಿ ಗಂಟು. ವಯಸ್ಸು ಐವತ್ತೈದು ದಾಟಿದೆ, ಆದರೆ ಗಳು ಏರುವಾಗ ಅದು ಕೆಳಗೇ ಉಳಿಯುತ್ತದೆ.

"ಇಬ್ಬನಿ ಬೀಳೂ ಮೊದ್ಲು ಸುತ್ತಬೇಕು," ಎನ್ನುತ್ತಾನೆ, ಹಗ್ಗ ಬಾಯಲ್ಲೇ ಇಟ್ಟುಕೊಂಡು. "ಇಬ್ಬನಿ ಬಿದ್ರೆ ಸರೇಸು ಕರಗ್ತದೆ. ಸರೇಸು ಕರಗಿದ್ರೆ ಊರು ಕರಗ್ತದೆ. ಇಡೀ ಊರು ಮಾರಾಯ್ರೆ, ಸಣ್ಣ ಮಾತಲ್ಲ."

ಮಾತು ಮುಗಿಯುವುದರೊಳಗೆ ಊರು ಇಳಿಯುತ್ತದೆ. ಇಪ್ಪತ್ತನಾಲ್ಕು ಅಡಿ ಅಗಲ, ಹದಿನಾಲ್ಕು ಅಡಿ ಎತ್ತರ. ಬಲಗಡೆ ದೊಡ್ಡ ಹೊಳೆ. ಹೊಳೆಯ ಈಚೆಗೆ ಹಲ್ಲು ಹಲ್ಲಾದ ಕೋಟೆಗೋಡೆ. ಗೋಡೆಯ ಒಳಗೆ ಕೆಂಪು ಹೆಂಚಿನ ಮಾಡುಗಳು ಒಂದರ ಹೆಗಲಿಗೆ ಒಂದು ತಾಗಿ ನಿಂತಿವೆ. ಅವುಗಳ ಮೇಲೆ ಗುಡ್ಡದಷ್ಟು ದೊಡ್ಡ ಕಲ್ಲಿನ ಅರಮನೆ, ಪಕ್ಕದಲ್ಲಿ ಒಂದು ಗೋಪುರ, ಗೋಪುರದ ತುದಿಯಲ್ಲಿ ಕೈ ಚಾಚಿ ನಿಂತ ಬಂಗಾರದ ಬಣ್ಣದ ಹೆಂಗಸು. ಹೊಳೆಗೆ ಅಡ್ಡಲಾಗಿ ಸೇತುವೆ. ಸೇತುವೆಯ ಬೆನ್ನ ಮೇಲೆ ಒಂದು ಪುಟ್ಟ ಗುಡಿಯಂಥ ಮನೆ. ಭಟ್ಕಳದಿಂದ ಕುಮಟೆಯವರೆಗಿನ ಜನರಿಗೆ ಇದು ಹಸ್ತಿನಾವತಿ. ನಿನ್ನೆ ಹಸ್ತಿನಾವತಿಯಾಗಿದ್ದದ್ದು ನಾಡಿದ್ದು ಕುಮಟೆಯಲ್ಲಿ ಅಯೋಧ್ಯೆಯಾಗುತ್ತದೆ. ಸಾಮಾಜಿಕ ನಾಟಕವಿದ್ದರೆ ಹುಬ್ಬಳ್ಳಿಯಾಗುವುದೂ ಉಂಟು. ಲಂಕೆಗೆ ಮಾತ್ರ ಬಂಗಾರ ಸಾಲದು ಎಂಬ ಆಕ್ಷೇಪಣೆ ಹಿಂದೊಮ್ಮೆ ಬಂದಿತ್ತು.

ಒಂದು ಆಟಕ್ಕೆ ಪರದೆ ಏರಿಳಿಯುವುದು ನಲವತ್ತರಿಂದ ಐವತ್ತು ಸಲ. ದೀಪಾವಳಿ ಕಳೆದು ಮಳೆ ಹಿಡಿಯುವವರೆಗೆ ಮೂವತ್ತೆಂಟು ಆಟ. ಹಗ್ಗ ಎಳೆದೂ ಎಳೆದೂ ಶನಿಯಾರನ ಅಂಗೈ ಗೇರುಮರದ ತೊಗಟೆಯಂತಾಗಿದೆ. ಪರದೆಯ ಮೇಲೆ ಇಪ್ಪತ್ತಮೂರು ತೇಪೆ. ಒಂದೊಂದರ ಜಾತಕವೂ ಅವನಿಗೆ ಗೊತ್ತು. "ಇದು ಜಾಲಿ ಊರಿನ ಆಟದಲ್ಲಿ ಗ್ಯಾಸ್‌ಲೈಟು ಬಿದ್ದು ಸುಟ್ಟದ್ದು. ಇದು ಇಲಿ. ಇದು ಭೀಮ ಗದೆ ತಿರುಗ್ಸೂಕೆ ಹೋಗಿ ಹರ್ದದ್ದು. ಇದೂ ಭೀಮನೇ." ಊರಿನಲ್ಲಿ ಒಟ್ಟು ಮುನ್ನೂರ ಹನ್ನೆರಡು ಕಿಟಕಿಗಳಿವೆ. ಕಾಸರಕೋಡಿನ ಅವನ ಸ್ವಂತ ಮನೆಗಿರುವುದು ಒಂದು.

ಅವನು ಈ ಕೆಲಸಕ್ಕೆ ಬಂದದ್ದು ಹೊಳೆಯ ದಾರಿಯಿಂದ. ಅಪ್ಪ, ಅಜ್ಜ ಶರಾವತಿಯ ತಾರಿಯಲ್ಲಿ ದೋಣಿ ನಡೆಸಿ ಜನರನ್ನು ದಾಟಿಸಿದವರು. ಶನಿಯಾರ ಮಾತ್ರ ಹಾಯಿ ಹಡಗು ಹತ್ತಿ ಹೆಂಚು, ತೆಂಗಿನಕಾಯಿ ಹೊತ್ತು ಮುಂಬಯಿಯವರೆಗೆ ಹೋಗಿ ಬಂದವ. ಮೂವತ್ತು-ಮೂವತ್ತೆರಡು ವರ್ಷದ ಹಿಂದೆ, ಕುಮಟೆಯಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯೊಂದರ ಪರದೆಯಾಳು ಜ್ವರ ಬಂದು ಮಲಗಿದ. ಬಂದರದಲ್ಲಿ ಹಗ್ಗ ಎಳೆಯುವವರು ಸಿಕ್ಕಾರೆಂದು ಕಂಪನಿಯವರು ಹುಡುಕಿಕೊಂಡು ಬಂದರು. "ಹಾಯಿ ಎಳೆಯೂದು, ಪರದೆ ಎಳೆಯೂದು ಎಲ್ಲ ಒಂದೇಯ," ಎಂದು ಇವನು ಹೋದ. ಆಗಲೇ ಗೊತ್ತಾದದ್ದು, ಎರಡೂ ಒಂದೇ ಅಲ್ಲ. "ಹಾಯಿಗೆ ಗಾಳಿ ಬೇಕು. ಪರದೆಗೆ ಗಾಳಿ ಬ್ಯಾಡ. ಅಷ್ಟೇ ವ್ಯತ್ಯಾಸ. ಆದ್ರೆ ಅದ್ನ ಕಲೀಲಿಕ್ಕೆ ಒಂದು ವರ್ಷ ಬೇಕಾತು."

ಕಂಪನಿ ಮುಂದೆ ಚೆದುರಿಹೋಯಿತು. ನಟರು ಊರು ಸೇರಿದರು. ಮೂರು ಪರದೆಗಳು ಕುಮಟೆಯ ಉಗ್ರಾಣದಲ್ಲಿ ಉಳಿದವು. ಕಾಡಿನ ಪರದೆ ಗೆದ್ದಲಿಗೆ ಹೋಯಿತು, ದರ್ಬಾರಿನ ಪರದೆ ಮಳೆಗೆ ಹೋಯಿತು, ಊರಿನ ಪರದೆ ಶನಿಯಾರನ ಪಾಲಿಗೆ ಬಂತು. ಹೊನ್ನಾವರದ ಉತ್ಸಾಹಿಗಳು ಸಂಘ ಕಟ್ಟಿದಾಗ ಪರದೆಯೊಂದಿಗೆ ಅವನೂ ಬಂದ. ಪರದೆ ಬರೆದ ಬೆಳಗಾವಿ ಕಡೆಯ ಪೇಂಟರ್ ಬಿಟ್ಟುಹೋದ ಇನ್ನೊಂದು ವಸ್ತುವೂ ಜೊತೆಗಿತ್ತು: ಮಿಠಾಯಿ ಡಬ್ಬಿಯ ತಗಡಿನ ಮುಚ್ಚಳ. ಪರದೆಯ ಮೂಲ ಚಿತ್ರ ಇರುವುದು ಅದರಲ್ಲಿ. ಬಲಗಡೆಯಿಂದ ತುಕ್ಕು ಹಿಡಿದು, ಅಕ್ಷರಗಳಿದ್ದ ಅಂಚು ಪೂರ್ತಿ ಉದುರಿಹೋಗಿದೆ. ಸೇತುವೆಯೂ ಆ ತುಕ್ಕಿನ ಹತ್ತಿರ ಬಂದು, ನಾಲ್ಕು ಕಮಾನು ದಾಟಿ, ಹೊಳೆಯ ನಡುವೆ ನಿಂತುಬಿಡುತ್ತದೆ.

ಶನಿಯಾರ ಇದಕ್ಕೆ ಒಂದೇ ಅರ್ಥ ಮಾಡಿಕೊಂಡಿದ್ದ. ಉಳಿದ ಸೇತುವೆಯನ್ನು ತುಕ್ಕು ತಿಂದಿದೆ. ಪೇಂಟರ್ ಪ್ರಾಮಾಣಿಕ ಮನುಷ್ಯ, ಕಂಡಷ್ಟನ್ನೇ ಬರೆದಿದ್ದಾನೆ. ದೋಣಿ ಸಾಗಿಸುವವರ ಮನೆಯಲ್ಲಿ ಹುಟ್ಟಿದವನಿಗೆ ಬೇರೆ ಅರ್ಥ ಹೊಳೆಯುವುದು ಸಾಧ್ಯವೂ ಇರಲಿಲ್ಲ. ಯಾವ ಊರಿನವರು ತಾನೇ ಹೊಳೆಯ ನಡುವಿನವರೆಗೆ ಸೇತುವೆ ಕಟ್ಟಿ ಕೈತೊಳೆದುಕೊಳ್ಳುತ್ತಾರೆ?

ಅರ್ಧ ಸೇತುವೆ ಎಷ್ಟೋ ವರ್ಷ ಹಾಗೇ ಇತ್ತು. ಯಾರೂ ಅದನ್ನು ನೋಡಿರಲಿಲ್ಲ, ಏಕೆಂದರೆ ಯಾರೂ ಅದನ್ನು ತೋರಿಸಿರಲಿಲ್ಲ. ತೋರಿಸಿದವರು ರಮಾನಂದ ಮಾಸ್ತರು. ಹೊನ್ನಾವರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಇವರು ಸಂಘದ ಕಾರ್ಯದರ್ಶಿ, ಶ್ರೀಕೃಷ್ಣನ ಪಾತ್ರಧಾರಿ, ಎರಡರಲ್ಲೂ ಮಾತು ಧಾರಾಳ. 1959ರ ಬೇಸಿಗೆಯಲ್ಲಿ ಭಟ್ಕಳದಲ್ಲಿ ಆಟ. ಸಂಧಾನ ಮುರಿದುಬಿದ್ದಿದೆ. ಕೃಷ್ಣ ಹಸ್ತಿನಾವತಿಯಿಂದ ಸಿಟ್ಟಿನಲ್ಲಿ ಹೊರಡಬೇಕು. ಪುಸ್ತಕದಲ್ಲಿ ಇಲ್ಲದ ಒಂದು ಮಾತು ಮಾಸ್ತರ ಬಾಯಿಗೆ ಬಂತು. ಪರದೆಯ ಕಡೆ ತೋಳು ಚಾಚಿ, "ಇದೋ, ಈ ಸೇತುವೆಯನ್ನು ದಾಟಿ ಧರ್ಮದ ದಡಕ್ಕೆ ನಡೆದೆ!" ಎಂದು ಗರ್ಜಿಸಿದರು.

ಇಡೀ ಬಯಲು ಸೇತುವೆಯನ್ನು ನೋಡಿತು. ಹಿಂದಿನ ಸಾಲಿನಿಂದ ಒಬ್ಬ ಜವಳಿ ವ್ಯಾಪಾರಿ ನಿಜವಾದ ಕಾಳಜಿಯಿಂದ ಕೂಗಿದ: "ಸಂಭಾಲ್ಕೇ ಕಿಷನ್‌ಜೀ! ಆಗೇ ಪಾನಿ ಹೈ! ಮುಂದೆ ನೀರುಂಟು!"

ನಗು ಹತ್ತು ನಿಮಿಷ ನಡೆಯಿತು. ಅದು ಶಿರೂರು ಗಡಿಯಿಂದ ಕುಮಟೆಯವರೆಗೆ ಹಬ್ಬಲು ಬೇಕಾದದ್ದು ಎರಡು ದಿನ. ಮಾಸ್ತರು ತಾರಿಗೆ ಬಂದರೆ ದೋಣಿಯವರು "ಸೇತುವೆ ಮೇಲೆ ಹೋಗ್ತ್ರಾ, ದೋಣಿಯಲ್ಲಿ ಬರ್ತ್ರಾ?" ಎಂದು ಗಂಭೀರವಾಗಿ ಕೇಳತೊಡಗಿದರು. ಪರದೆಯ ಮೇಲೆ ಮಾಸ್ತರಿಗೆ ಹಗೆ ಬಿದ್ದದ್ದು ಅಂದಿನಿಂದ.

ಆ ಮಳೆಗಾಲದಲ್ಲಿ ಶನಿಯಾರ ಪರದೆಯನ್ನು ಮನೆಯ ಚಪ್ಪರದಡಿ ಬಿಡಿಸಿದ. ಹಾಯಿ ಹೊಲಿಯುವ ದಬ್ಬಣ ಬದಿಗಿಟ್ಟು ಕುಂಚ ಹಿಡಿದ. ಹೆಂಡತಿ ಮಾದಿ ಹೊಳೆಯಲ್ಲಿ ಬಳಚೆಂಬ ಚಿಪ್ಪುಮೀನು ಹೆಕ್ಕಿ ಮಾರುವವಳು. ಬುಟ್ಟಿ ಇಳಿಸಿ ನೋಡಿದಳು.

"ಎಂತ ಮಾಡ್ತ್ರಿ?"

"ಸೇತುವೆ ಕಟ್ತೆ."

"ಮನೆ ಮಾಡು ಸೋರ್ತದೆ. ಅದ್ನ ಯಾರು ಕಟ್ತ್ರು?"

"ಇದು ಮುಗೀಲಿ."

"ಮುಗೀತದೆ, ಮುಗೀತದೆ. ಸರ್ಕಾರದವ್ರೂ ಹಂಗೇ ಅಂಬ್ರು," ಎಂದು ಅವಳು ಒಳಗೆ ಹೋದಳು. ಶರಾವತಿಗೆ ಸೇತುವೆ ಮಾಡುತ್ತೇವೆಂದು ಅಳತೆ ಹಿಡಿದು ಹೋದವರನ್ನು ಕಾಸರಕೋಡು ಎಷ್ಟೋ ಸಲ ಕಂಡಿದೆ. ಮಾದಿ ಅವರಿಗೆ ಬಳಚು ಮಾರಿದ್ದಾಳೆ.

ಹದಿನಾರನೆಯ ದಿನ ಸೇತುವೆ ಆಚೆ ದಡ ಮುಟ್ಟಿತು. ಹೊಸ ಕಮಾನುಗಳು ಹಳೆಯವುಗಳಷ್ಟು ನುಣುಪಾಗಿಲ್ಲ. ದೋಣಿಯ ಪಕ್ಕೆಲುಬಿನಂತೆ ಸ್ವಲ್ಪ ಚೂಪಾಗಿವೆ. ಆಚೆ ದಡದಲ್ಲಿ ಬರಿಯ ನೆಲವಿದ್ದರೆ ಚೆಂದವಲ್ಲವೆಂದು ಎರಡು ತೆಂಗಿನ ಮರಗಳನ್ನೂ ನೆಟ್ಟ. ಯಾರಿಗೂ ಹೇಳಲಿಲ್ಲ. ದೀಪಾವಳಿಯ ಮೇಲೆ ಮೊದಲ ಆಟದಲ್ಲಿ ಪರದೆ ಇಳಿಯಿತು. ಬಯಲು ಚಪ್ಪಾಳೆ ಹೊಡೆಯಿತು. ಚಪ್ಪಾಳೆ ತನಗೆಂದು ಮಾಸ್ತರು ಕೈಮುಗಿದರು. ಆಮೇಲೆ ತಿರುಗಿ ನೋಡಿದರು. ಭಟ್ಕಳದ ಅಪಹಾಸ್ಯಕ್ಕೆ ಕಾಯಂ ಸ್ಮಾರಕ ಕಟ್ಟಿದಂತಾಯಿತೆಂದು ಅವರಿಗೆ ಅನಿಸಿತು.

ಮೂರು ವರ್ಷ ಅವರು ತಡೆದುಕೊಂಡರು. 1962ರ ನವೆಂಬರಿನಲ್ಲಿ ಸಂಘದ ಸಭೆ ನಿರ್ಣಯ ಮಾಡಿತು: ಊರಿನ ಪರದೆ ಪುರಾಣಕ್ಕೂ ಸಲ್ಲದು, ಸಮಾಜಕ್ಕೂ ಸಲ್ಲದು, ಎಲ್ಲಿಯೂ ಇಲ್ಲದ ಊರದು, ಭಟ್ಕಳದ ಪೇಂಟರನಿಂದ ಹೊಸ ಪರದೆ ಬರೆಸಿ ಹಳೆಯದನ್ನು ವಿಲೇವಾರಿ ಮಾಡತಕ್ಕದ್ದು. ವಿಲೇವಾರಿ ಎಂದರೆ ಏನೆಂದು ಶನಿಯಾರ ಕೇಳಿದ. ಕೊಬ್ಬರಿ ಒಣಗಿಸಲು ಹಾಸಬಹುದು ಎಂದರು.

"ನಂಗೆ ಅನ್ನ ಸೇರ್ಲಿಲ್ಲ," ಎಂದು ಈಗ ನಗುತ್ತಾ ಹೇಳುತ್ತಾನೆ. "ಮುನ್ನೂರು ಚಿಲ್ಲರೆ ಕಿಟಕಿ. ಒಂದೊಂದ್ರ ಹಿಂದೂ ಯಾರೋ ಇದ್ದಂಗೆ ನಂಗೆ. ಅದ್ರ ಮೇಲೆ ಕೊಬ್ರಿ ಹಾಸೂದಂದ್ರೆ?"

ಕೊನೆಯ ಸಲವಾದರೂ ಬಿಸಿಲು ಕಾಣಿಸೋಣವೆಂದು ಡಿಸೆಂಬರಿನ ಒಂದು ಬೆಳಿಗ್ಗೆ ಅವನು ಪರದೆಯನ್ನು ಕಾಸರಕೋಡಿನ ತಾರಿಯ ಹತ್ತಿರ ಮರಳಿನ ಮೇಲೆ ಹಾಸಿದ. ಹೊಳೆ ಇಳಿತದಲ್ಲಿತ್ತು. ಎರಡು ದೋಣಿ ಜೋಡಿಸಿ ಹಲಗೆ ಹಾಕಿದ, ಮೋಟಾರುಗಳನ್ನು ದಾಟಿಸುವ ಜಂಗಲ್ ಹೊನ್ನಾವರದ ಬದಿಯಲ್ಲಿ ಕೆಸರಿಗೆ ಕೂತಿತ್ತು. ಭರತದ ನೀರು ಏರಿ ಬರುವವರೆಗೆ ಎರಡು ತಾಸು ಯಾರೂ ಎಲ್ಲಿಗೂ ಹೋಗುವಂತಿಲ್ಲ. ಕಾಯುತ್ತಿದ್ದವರಲ್ಲಿ ಭಟ್ಕಳದ ಪೇಂಟರನನ್ನು ಕಂಡು ಬಂದ ರಮಾನಂದ ಮಾಸ್ತರಿದ್ದರು. ಅವರ ಹಿಂದೆ ಒಂದು ಜೀಪು. ಜೀಪಿನಲ್ಲಿ ಜೋಗದ ಕಡೆಯ ವಿದ್ಯುತ್ ಕೆಲಸಕ್ಕೆ ಯಂತ್ರ ನೋಡಲು ಹೊರಟ ಒಬ್ಬ ಬಿಳಿಯ ಇಂಜಿನಿಯರು. ಹೆಸರು ಎಸ್ತೇವ್. ಹೊನ್ನಾವರದ ಕ್ರಿಸ್ತರ ಇಗರ್ಜಿಯ ಕೇರಿಯಲ್ಲಿ ಅದೇ ಹೆಸರಿನವರು ಇಬ್ಬರಿರುವುದರಿಂದ ಡ್ರೈವರನಿಗೆ ಅದು ವಿಶೇಷವೆನಿಸಿರಲಿಲ್ಲ.

ಸಾಹೇಬರು ಸಿಗರೇಟು ಹಚ್ಚಿ ಮರಳಿನಲ್ಲಿ ಅಡ್ಡಾಡಲು ಹೊರಟರು. ಪರದೆಯ ಬುಡಕ್ಕೆ ಬಂದರು. ನಿಂತರು. ಟೊಪ್ಪಿಗೆ ತೆಗೆದರು. ಆಮೇಲೆ ಪರದೆಯ ಸುತ್ತ ಒಂದು ಸುತ್ತು ಬಂದು, ಗೋಪುರದ ಹತ್ತಿರ ಮಂಡಿಯೂರಿ ಕೂತು, "ಅವಿನ್ಯೋನ್! ಅವಿನ್ಯೋನ್!" ಎಂದು ಕೂಗಿದರು.

ಮಾದಿ ಬಳಚಿನ ಬುಟ್ಟಿ ಬಿಟ್ಟು ಓಡಿಬಂದಳು. "ಎಂತ ಆತು? ಹೊಟ್ಟೆ ಹಿಡ್ಕಂತಾ ಕೇಳಿ. ನೀರು ಕೊಡಿ ಅವ್ರಿಗೆ!"

ನೀರು ಕೊಟ್ಟರು. ಅವರು ಕುಡಿದು, ಇಂಗ್ಲಿಷಿನಲ್ಲಿ ಮಾತಾಡತೊಡಗಿದರು. ಆ ದಂಡೆಯ ಮೇಲೆ ಇಂಗ್ಲಿಷ್ ಬಲ್ಲವರು ಒಬ್ಬರೇ. ಹೀಗಾಗಿ, ಪರದೆಯನ್ನು ಕೊಬ್ಬರಿಗೆ ಕೊಡಲು ಹೊರಟ ರಮಾನಂದ ಮಾಸ್ತರೇ, ತಮ್ಮ ಸಭೆಯ ನಿರ್ಣಯವನ್ನು ಸಾಲುಸಾಲಾಗಿ ಸುಳ್ಳು ಮಾಡುವ ಮಾತನ್ನು ಊರ ಜನರಿಗೆ ಕನ್ನಡದಲ್ಲಿ ಹೇಳಬೇಕಾಯಿತು. ಮಾಸ್ತರು ಏನೇ ಇರಲಿ, ಭಾಷಾಂತರದಲ್ಲಿ ಕಳ್ಳತನ ಮಾಡುವವರಲ್ಲ.

"ಇದು... ಇವರ ಊರಂತೆ," ಎಂದರು. "ಫ್ರಾನ್ಸ್ ದೇಶದಲ್ಲಿ. ಊರು ಅವಿನ್ಯೋನ್. ಹೊಳೆ ರೋನ್."

"ಎಲ್ಲಿಯೂ ಇಲ್ಲದ ಊರು ಅಂದ್ರಲ್ಲ ಮಾಸ್ತರ್ರೆ?" ಎಂದ ಶನಿಯಾರ.

"ಸುಮ್ಮನಿರು ಮಾರಾಯ. ಕೇಳು. ಇವರ ಮನೆ ಎಲ್ಲಿ ಅಂದ್ರೆ..." ಸಾಹೇಬರ ಬೆರಳು ಕೋಟೆಗೋಡೆಯ ಒಳಬದಿಗೆ ಹೋಗಿ, ಹಿಟ್ಟಿನ ಚೀಲದ ಒಂದು ಚೌಕದ ಮೇಲೆ ನಿಂತಿತು. "ಈ ತೇಪೆಯ ಅಡಿಗೆ."

ಶನಿಯಾರನಿಗೆ ನಾಚಿಕೆಯಾಯಿತು. "ಇಲಿ ತಿಂದಿತ್ತು ಸಾಯ್ಬ್ರೆ. ಗೊತ್ತಿದ್ರೆ ಒಳ್ಳೆ ಬಟ್ಟೆ ಹಾಕ್ತಿದ್ದೆ."

ಹೀಗೆ ಭರತದ ನೀರು ಬರುವವರೆಗೆ ಕಾಸರಕೋಡಿನ ಮರಳಿನ ಮೇಲೆ ಒಂದು ಊರಿನ ಪ್ರದಕ್ಷಿಣೆ ನಡೆಯಿತು. ಸಾಹೇಬರು ಬೂಟು ಕಳಚಿ ಪರದೆಯ ಅಂಚಿನಲ್ಲಿ ನಡೆದರು, ಮಾಸ್ತರು ಹಿಂದೆ, ಜನ ಅವರ ಹಿಂದೆ. ಆ ಕೋಟೆಗೋಡೆ ಊರನ್ನು ಸುತ್ತಿ ಎರಡೂವರೆ ಮೈಲಿಗೂ ಮಿಕ್ಕಿ ಹೋಗುತ್ತದೆ. ಅರಮನೆ ರಾಜನದ್ದಲ್ಲ. "ಕ್ರಿಸ್ತರ ಜಗದ್ಗುರುಗಳದ್ದು," ಎಂದರು ಮಾಸ್ತರು. "ರೋಮು ಬಿಟ್ಟು ಬಂದು, ಆರುನೂರು ವರ್ಷದ ಹಿಂದೆ, ಒಬ್ಬರ ಮೇಲೊಬ್ಬರು ಏಳು ಮಂದಿ ಇಲ್ಲಿ ಪೀಠದಲ್ಲಿ ಕೂತಿದ್ದರಂತೆ. ಎಪ್ಪತ್ತು ವರ್ಷ."

"ಅಷ್ಟೂ ಕಿಟಕಿ ಏಳು ಜನಕ್ಕಾ?" ಎಂದಳು ಮಾದಿ.

ಗೋಪುರದ ತುದಿಯ ಬಂಗಾರದ ಹೆಂಗಸು ಯಾರೆಂದು ಶನಿಯಾರ ಕೇಳಿದ. ಇಷ್ಟು ವರ್ಷ ಅವನು ಪರದೆ ಬಿಡಿಸುವ ಮುಂಚೆ ಅವಳಿಗೊಂದು ಹೂವು ಏರಿಸಿ ಕೈಮುಗಿಯುತ್ತಿದ್ದ. ಯಾವುದೇ ಊರಾದರೂ ಅದರ ಅಮ್ಮ ಎತ್ತರದಲ್ಲೇ ನಿಂತು ಕಾಯುತ್ತಾಳೆಂಬುದು ಅವನ ಲೆಕ್ಕ. ಮೇರಿ ಮಾತೆ, ಊರನ್ನು ಕಾಯುವವಳು ಎಂದು ಉತ್ತರ ಬಂತು. "ಹೌದಲ್ದಾ!" ಎಂದು ಅವನು ಮಾದಿಯ ಕಡೆ ತಿರುಗಿದ. ಸೇತುವೆಯ ಬೆನ್ನ ಮೇಲಿನ ಮನೆಯನ್ನು ಮಾತ್ರ ಅವನು ಸುಂಕದ ಕಟ್ಟೆಯೆಂದು ತಿಳಿದಿದ್ದ. ಅದು ದೋಣಿಯವರನ್ನು ಕಾಯುವ ಸಂತನ ಗುಡಿ ಎಂದು ತಿಳಿದಾಗ, ಮೂವತ್ತು ವರ್ಷದಿಂದ ತನ್ನವರ ದೇವರಿಗೆ ಹೂವಿಡದೆ ತಪ್ಪಿಸಿದೆನಲ್ಲಾ ಎಂದು ಗಲ್ಲ ಬಡಿದುಕೊಂಡ.

ಇನ್ನೊಂದು ಸಂಗತಿಯನ್ನು ಸಾಹೇಬರು ಬಹಳ ಹೆಮ್ಮೆಯಿಂದ ಹೇಳಿದರು. ಪ್ರತಿ ಬೇಸಿಗೆಯಲ್ಲಿ ಆ ಅರಮನೆಯ ಅಂಗಳದಲ್ಲಿ ನಾಟಕಗಳಾಗುತ್ತವೆ. ದೇಶದೇಶದಿಂದ ಜನ ಬರುತ್ತಾರೆ. ಪರದೆಯೇ ಇರುವುದಿಲ್ಲ, ಅರಮನೆಯ ಗೋಡೆಯೇ ಪರದೆ.

ಶನಿಯಾರನ ಮುಖ ಇಳಿಯಿತು. "ಪರದೆ ಇಲ್ಲಾ? ಹಂಗಾದ್ರೆ ಅಲ್ಲಿ ಪರದೆ ಎಳೆಯೋನು ಎಂತ ಮಾಡ್ತ?"

ಪ್ರಶ್ನೆಯನ್ನು ಮಾಸ್ತರು ದಾಟಿಸಿದರು. ಸಾಹೇಬರು ಇನ್ನೊಂದು ಸಿಗರೇಟು ಹಚ್ಚಿದರು.

ಕೊನೆಗೆ ಅವರು ಸೇತುವೆಯ ಹತ್ತಿರ ಬಂದರು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದರು. ಐದಕ್ಕೆ ಬೆರಳು ನಿಂತಿತು. ಹನ್ನೊಂದರವರೆಗೆ ಮೆಲ್ಲಗೆ ಹೋಗಿ, ತೆಂಗಿನ ಮರಗಳನ್ನು ನೋಡಿ, ಮಾಸ್ತರ ಮುಖ ನೋಡಿದರು. ಮಾಸ್ತರಿಗೆ ಜೀವ ಬಂತು. "ಸೇತುವೆ ಸರಿಯಿದೆಯೇ?" ಎಂದು ಎರಡು ಸಲ ಕೇಳಿದರು.

ಸರಿಯಿರಲಿಲ್ಲ. ಇಪ್ಪತ್ತೆರಡು ಕಮಾನುಗಳ ಸೇತುವೆ ಅದು. ನೆರೆ ಬಂದಾಗಲೆಲ್ಲ ಹೊಳೆ ಒಂದೆರಡನ್ನು ಒಯ್ಯುವುದು, ಊರವರು ಮತ್ತೆ ಕಟ್ಟುವುದು, ಹೊಳೆ ಮತ್ತೆ ಒಯ್ಯುವುದು. ಮುನ್ನೂರು ವರ್ಷದ ಹಿಂದೆ ಊರವರು ಸಾಕೆಂದು ಕೈಬಿಟ್ಟರು. ನಾಲ್ಕು ಕಮಾನು ಉಳಿದಿವೆ. ತುಕ್ಕು ತಿಂದದ್ದು ಅಕ್ಷರಗಳನ್ನು ಮಾತ್ರ. ಸೇತುವೆಯನ್ನು ತಿಂದದ್ದು ಹೊಳೆ.

"ಪಾಪ," ಎಂದ ಶನಿಯಾರ. "ಹಂಗಾದ್ರೆ ಅವ್ರಿಗೂ ತಾರಿಯೇ ಗತಿ."

ಇಲ್ಲ, ಬೇರೆ ಸೇತುವೆಗಳಿವೆ ಎಂದು ಸಾಹೇಬರು ಹೇಳಿದರು. ಮುರಿದದ್ದನ್ನು ನೋಡಲು ಇಟ್ಟುಕೊಂಡಿದ್ದೇವೆ.

ಶನಿಯಾರ ಹೊಳೆಯ ಕಡೆ ತಿರುಗಿದ. ಎದುರಿಗೆ ಶರಾವತಿ, ಆಚೆ ದಡದಲ್ಲಿ ಕೆಸರಿನಲ್ಲಿ ಕೂತ ಜಂಗಲ್, ಈಚೆಗೆ ಸಾಲುಗಟ್ಟಿದ ಲಾರಿಗಳು. "ದಾಟೂಕೆ ಒಂದು ಸೇತುವೆ, ನೋಡೂಕೆ ಒಂದು ಸೇತುವೆ! ಶ್ರೀಮಂತ್ರ ಊರು ಮಾಸ್ತರ್ರೆ. ನಮ್ಗೆ ನೋಡೂಕೂ ಒಂದು ಇರ್ಲಿಲ್ಲ. ಅದ್ಕೇ ಕಟ್ಟಿದೆ ಅಂತ ಹೇಳಿ."

ಮಾಸ್ತರು ಹೇಳಿದರು, ಸ್ಲೇಟು ಒಡೆದ ಹುಡುಗನನ್ನು ಹೆಡ್‌ಮಾಸ್ತರಿಗೆ ಒಪ್ಪಿಸುವ ದನಿಯಲ್ಲಿ. ಸಾಹೇಬರು ಮೊದಲು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ನಗು ನಿಲ್ಲಿಸಿ ಶನಿಯಾರನ ಕೈಹಿಡಿದು ಕುಲುಕಿ, ಎಷ್ಟು ದಿನ ಬೇಕಾಯಿತೆಂದು ಕೇಳಿದರು. ಹದಿನಾರು ದಿನ ಎಂದಾಗ, ನಮ್ಮ ಊರವರಿಗೆ ತಿಳಿಸುತ್ತೇನೆ ಎಂದರು. ಶನಿಯಾರನನ್ನು ಕೊನೆಯ ಕಮಾನಿನ ಬುಡದಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಅಷ್ಟರಲ್ಲಿ ಜಂಗಲ್ ಬಂತು.

ಸಂಘದ ಸಭೆ ಆ ವಾರವೇ ಮತ್ತೆ ಸೇರಿತು. ಊರು ಅಸಲಿಯೆಂದು ಹೊನ್ನಾವರಕ್ಕೆಲ್ಲ ಗೊತ್ತಾಗಿಹೋಗಿತ್ತು. ಅಸಲಿ ಊರಿನ ಮೇಲೆ ಕೊಬ್ಬರಿ ಹಾಸುವುದು ಅಂತರರಾಷ್ಟ್ರೀಯ ಮರ್ಯಾದೆಯ ಪ್ರಶ್ನೆ ಎಂದು ಒಬ್ಬ ಸದಸ್ಯರು ಹೇಳಿದರು. ಪರದೆ ಉಳಿಯಲಿ ಎಂದು ತೀರ್ಮಾನವಾಯಿತು. ಆದರೆ ರಮಾನಂದ ಮಾಸ್ತರು ಒಂದು ಷರತ್ತು ಸೇರಿಸಿದರು. ಇತಿಹಾಸಕ್ಕೆ ವಿರುದ್ಧವಾದ ಏಳು ಕಮಾನು ಮತ್ತು ಎರಡು ತೆಂಗಿನ ಮರ ಅಳಿಯಬೇಕು. ಇಲ್ಲದಿದ್ದರೆ ಪರದೆಯೂ ಇಲ್ಲ.

ಮರುದಿನ ಬೆಳಿಗ್ಗೆ ಮಾಸ್ತರು ತಾವೇ ಒಂದು ಡಬ್ಬಿ ನೀಲಿ ಬಣ್ಣ ಹಿಡಿದು ತಾರಿ ದಾಟಿ ಬಂದರು. ಪರದೆ ಚಪ್ಪರದಡಿ ಬಿಡಿಸಿತ್ತು. ಶನಿಯಾರ ಡಬ್ಬಿಯ ಮುಚ್ಚಳ ತೆಗೆದು ಮೂಸಿದ.

"ಇದು ಎಣ್ಣೆ ಬಣ್ಣ ಮಾಸ್ತರ್ರೆ. ಬಾಗಿಲಿಗೆ ಹಚ್ಚೂದು. ಬಟ್ಟೆಗೆ ಹಚ್ಚಿದ್ರೆ ಸುತ್ತೂವಾಗ ಒಡೀತದೆ."

"ಒಡೆದರೆ ಒಡೀಲಿ. ನೀ ಹಚ್ಚು."

"ಆತು." ಶನಿಯಾರ ಕುಂಚ ಅದ್ದಿದ. ಪರದೆಯ ಮೇಲೆ ಕೈ ಹಿಡಿದು ನಿಂತ. "ಎಲ್ಲಿಂದ ಮುರೀಲಿ? ಐದನೆಯದ್ರಿಂದ್ಲಾ?"

"ಅಲ್ಲಿಂದಲೇ."

"ಹಂಗಾದ್ರೆ ಒಂದು ಮಾತು. ಇನ್ಮೇಲೆ ಆ ಕಡೆಗೆ ಕೈ ತೋರ್ಸಿ ದಾಟ್ತೆ ಅನ್ಬೇಡಿ ಮಾಸ್ತರ್ರೆ."

ಮಾಸ್ತರು ಕೆಳಗಿದ್ದ ಡಬ್ಬಿಯ ಮುಚ್ಚಳ ಎತ್ತಿಕೊಂಡರು.

"ಆ ದಿವ್ಸ ಭಟ್ಕಳದಲ್ಲಿ ಹಗ್ಗ ಹಿಡ್ಕಂಡು ನಾ ಬದೀಲೇ ಇದ್ದೆ. ನಿಮ್ಮ ಮುಖ ಕಂಡೆ. ಕೃಷ್ಣ ದೇವ್ರ ಮುಖ ಹಂಗಾದ್ರೆ ಹೆಂಗೆ? ಎಲ್ಲರ್ನೂ ದಾಟ್ಸೂದು ನಮ್ಮನೆ ಕೆಲ್ಸ. ಅಪ್ಪ ದೋಣಿಯಲ್ಲಿ ದಾಟ್ಸಿದ. ನಂಗೆ ದೋಣಿ ಇಲ್ಲ. ನೀವು ನೀರಿಗೆ ಬೀಳ್ಬಾರ್ದು ಅಂತ ಕಟ್ಟಿದ್ದು, ಅಷ್ಟೇಯ. ಈಗ ಮುರೀ ಅಂದ್ರೆ ಮುರೀತೆ."

ಕುಂಚದಿಂದ ಒಂದು ಹನಿ ನೀಲಿ ಮಣ್ಣಿನ ನೆಲಕ್ಕೆ ಬಿತ್ತು. ಮಾದಿ ಒಳಗಿನಿಂದ ಚಾ ತಂದಿಟ್ಟಳು. ಮಾಸ್ತರು ಚಾ ಕುಡಿದರು, ಸೇತುವೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದರು, ಕನ್ನಡಕ ಒರೆಸಿಕೊಂಡರು.

"ಎಣ್ಣೆ ಬಣ್ಣ ಒಡೀತದೆ ಅಂದೆಯಲ್ಲ?"

"ಒಡೀತದೆ."

"ಹಾಗಾದರೆ ಈ ವರ್ಷ ಬೇಡ. ಸರಿಯಾದ ಬಣ್ಣ ಸಿಕ್ಕಿದ ಮೇಲೆ ನೋಡುವ," ಎಂದು ಎದ್ದರು. ಅಂಗಳ ದಾಟುವಾಗ ತಿರುಗಿ ನಿಂತು, "ಆ ತೆಂಗಿನ ಮರ ಇನ್ನೊಂದು ಹಾಕಬಹುದಿತ್ತು ಮಾರಾಯ. ಎರಡೇ ಬೋಳಾಗಿ ಕಾಣ್ತವೆ," ಎಂದರು.

ಆ ಸಲ ಕುಮಟೆಯ ಆಟದಲ್ಲಿ ಸಂಧಾನ ಎಂದಿನಂತೆ ಮುರಿಯಿತು. ಶ್ರೀಕೃಷ್ಣ ತೋಳು ಚಾಚಿ, ಪುಸ್ತಕದಲ್ಲಿ ಇಲ್ಲದ ಮಾತನ್ನು ಮತ್ತೆ ಆಡಿದ. "ಈ ಸೇತುವೆಯನ್ನು ದಾಟಿ ನಡೆದೆ! ಅಂಬಿಗನ ಕೈ ಕಟ್ಟಿದ್ದು, ಇದು ಮುರಿಯುವುದಲ್ಲ!" ಜನರಿಗೆ ಅರ್ಥವಾಗಲಿಲ್ಲ, ಆದರೆ ದನಿ ಚೆನ್ನಾಗಿತ್ತು, ಚಪ್ಪಾಳೆ ಬಿತ್ತು. ಬದಿಯಲ್ಲಿ ನಿಂತವನಿಗೆ ಹಗ್ಗ ಎಳೆಯುವುದು ಅರ್ಧ ನಿಮಿಷ ತಡವಾಯಿತು. ಮೂವತ್ತು ವರ್ಷದಲ್ಲಿ ಅದೊಂದೇ ಸಲ.

ಕರ್ಕಿಯಲ್ಲಿ ಈಗ ಬಿಸಿಲೇರಿದೆ. ಪರದೆ ಸುತ್ತಿ, ಚಾಪೆ ಹೊದಿಸಿ, ಗಾಡಿಗೇರಿಸಿ ಆಗಿದೆ. ಶನಿಯಾರ ತನ್ನ ಟ್ರಂಕಿನ ಮುಚ್ಚಳ ತೆರೆದು ತೋರಿಸುತ್ತಾನೆ. ಒಳಬದಿಯಲ್ಲಿ ಮೊಳೆ ಹೊಡೆದ ಮಿಠಾಯಿ ಡಬ್ಬಿಯ ಮುಚ್ಚಳ. ಅದರ ಪಕ್ಕದಲ್ಲಿ ಹೊಸ ಬಣ್ಣದ ಪೋಸ್ಟ್‌ಕಾರ್ಡು: ಅದೇ ಹೊಳೆ, ಅದೇ ಗುಡಿ, ನಾಲ್ಕು ಕಮಾನು, ಆಮೇಲೆ ನೀರು. ಹಿಂಬದಿಯಲ್ಲಿ ಎಸ್ತೇವ್ ಸಾಹೇಬರು ಬರೆದದ್ದನ್ನು ಮಾಸ್ತರು ಓದಿ ಹೇಳಿದ್ದು ಅವನಿಗೆ ಬಾಯಿಪಾಠ: "ಇಲ್ಲಿ ಕೆಲಸ ಇನ್ನೂ ಬಾಕಿ ಇದೆ. ಯಾವಾಗ ಬರುತ್ತೀರಿ?"

ಹೋಗುವುದುಂಟೇ ಎಂದು ಕೇಳಿದರೆ ತಲೆಯಾಡಿಸುತ್ತಾನೆ. "ಅಲ್ಲಿ ಪರದೆ ಇಲ್ಲ ಅಂಬ್ರಲ್ಲ. ನಾ ಹೋಗಿ ಎಂತ ಎಳೀಲಿ?" ಆಮೇಲೆ ಟ್ರಂಕು ಮುಚ್ಚುತ್ತಾ, "ಒಂದು ಆಸೆ ಉಂಟು. ನಮ್ಮ ಹೊಳೆಗೆ ಸೇತುವೆ ಬಂದ್ರೆ, ಒಂದ್ಸಲ ಈ ದಡದಿಂದ ಆ ದಡಕ್ಕೆ ನಡ್ಕಂಡು ಹೋಗ್ಬೇಕು. ಕಮಾನು ಎಣಿಸ್ತಾ. ಏಳಕ್ಕಿಂತ ಹೆಚ್ಚಿದ್ರೆ ಸರ್ಕಾರದವ್ರು ಗೆದ್ರು."

ಸರಿಯಾದ ಬಣ್ಣವನ್ನು ಹುಡುಕುವ ವಿಷಯ ಸಂಘದ ಸಭೆಯಲ್ಲಿ ಮತ್ತೆ ಬಂದಿಲ್ಲ. ಮಾಸ್ತರು ತಂದ ಡಬ್ಬಿ ಖಾಲಿಯಾಗಿದೆ. ಮಾದಿಯ ಮನೆಯ ಬಾಗಿಲು ನೀಲಿಯಾಗಿದೆ. ಸೇತುವೆ ಆಚೆ ದಡ ಮುಟ್ಟುತ್ತದೆ.